ಎರಡನೇ ನಂಬರ ಕುಸ್ತಿ

ಕೂಡ್ರಿ, ಇಲ್ಲೇ ಮುಂದೆ ಕೂಡ್ರಿ. ನಿಂತರೆ ಹಿಂದಿನವರು ಬೈಯುತ್ತಾರೆ. ಕನ್ನೊಳ್ಳಿ ಸೀಮೆಯ ಜಾತ್ರೆ. ನಿನ್ನೆ ತೇರು ಎಳೆದಾಯಿತು, ಇವತ್ತು ಕುಸ್ತಿ. ಕಣದ ಸುತ್ತ ಮೊದಲ ಸಾಲು ಚಕ್ಕಳಮಕ್ಕಳ ಹಾಕಿ ಕೂತಿದೆ, ಎರಡನೆಯ ಸಾಲು ಮೊಣಕಾಲೂರಿದೆ, ಅವರ ಹಿಂದೆ ನಿಂತವರು, ಅವರಾಚೆ ಟ್ರ್ಯಾಕ್ಟರ್ ಟ್ರೇಲರ್ ಏರಿದವರು. ಬೇವಿನ ಗಿಡದ ಟೊಂಗೆಗಳಲ್ಲಿ ಹುಡುಗರು. ಹಲಗಿಯವರು ಒಂದು ಮೂಲೆಯಲ್ಲಿ ಕಣಕಿಗೆ ಬೆಂಕಿ ಹಚ್ಚಿ ಹಲಗಿ ಕಾಸುತ್ತಿದ್ದಾರೆ. ಚರ್ಮ ಬಿಗಿಯಾದದ್ದು ಬೆರಳಿಗೆ ಗೊತ್ತಾಗಬೇಕು. ಒಬ್ಬ ಕಿವಿಯ ಹತ್ತಿರ ಹಿಡಿದು ಒಂದು ಪೆಟ್ಟು ಹಾಕಿ ನೋಡುತ್ತಾನೆ, ಮತ್ತೆ ಬೆಂಕಿಗೆ ಒಡ್ಡುತ್ತಾನೆ.

ಕಣದ ಮಣ್ಣನ್ನು ಒಂದು ಹಿಡಿ ತೆಗೆದುಕೊಂಡು ನೋಡಿ. ನಿಮ್ಮ ಸುತ್ತ ಹರದಾರಿಗಟ್ಟಲೆ ಎರಿ ಹೊಲ. ಸಿಂದಗಿ ತಾಲೂಕಿನ ಕಪ್ಪು ನೆಲ ಬಿಳಿಜೋಳಕ್ಕೆ, ತೊಗರಿಗೆ, ಕಡಲೆಗೆ ಒಗ್ಗುತ್ತದೆ, ಕುಸ್ತಿಗೆ ಒಗ್ಗುವುದಿಲ್ಲ. ಒಣಗಿದರೆ ಬಿರುಕು ಬಿಟ್ಟು ಹೆಂಟೆಯಾಗುತ್ತದೆ, ನೆನೆದರೆ ಕಾಲಿಗೆ ಹತ್ತಿಕೊಂಡು ಬಿಡುವುದಿಲ್ಲ. ಅದಕ್ಕೇ ತಾಲೀಮಿಗೂ ಕಣಕ್ಕೂ ಕೆಂಪು ಮಣ್ಣು ಹೊರಗಿನಿಂದ ಬರಬೇಕು. ಅದನ್ನು ಜರಡಿ ಹಿಡಿದು ಹರಳು ತೆಗೆದು, ಎಣ್ಣೆ, ಮಜ್ಜಿಗೆ, ಲಿಂಬೆ ರಸ, ಅರಿಶಿಣ, ಕರ್ಪೂರ ಬೆರೆಸಿ ಹದ ಮಾಡುತ್ತಾರೆ. ಮೂಗಿಗೆ ಹಿಡಿದರೆ ಅರಿಶಿಣ ಮೊದಲು, ಆಮೇಲೆ ಕರ್ಪೂರ. ಬೆನ್ನು ಗೀರಿದರೂ ಕೀವಾಗದಿರಲಿ ಎಂಬ ಮುತುವರ್ಜಿ ಅದು. ಬಿದ್ದವನ ಬಗ್ಗೆ ಇಷ್ಟು ಮೊದಲೇ ಯೋಚಿಸಿದ ಆಟ ಇನ್ನೊಂದು ನನಗೆ ಗೊತ್ತಿಲ್ಲ.

ಚಿಕ್ಕ ಹುಡುಗರ ಕುಸ್ತಿಗಳು ಮುಗಿದಿವೆ. ತೆಂಗಿನಕಾಯಿ ಗೆದ್ದವರು ಕಾಯಿ ಹಿಡಿದುಕೊಂಡು ಅವ್ವನನ್ನು ಹುಡುಕುತ್ತ ಹೋಗಿದ್ದಾರೆ. ಐವತ್ತರ, ನೂರರ, ಐನೂರರ ಜೋಡಿಗಳೂ ಆದವು. ಈಗ ಉಳಿದದ್ದು ಹ್ಯಾಂಡ್‌ಬಿಲ್ಲಿನಲ್ಲಿ ಅಚ್ಚಾದ ಕೊನೆಯ ಎರಡು. ಆ ಹಾಳೆ ನಿಮ್ಮ ಕಿಸೆಯಲ್ಲಿಯೂ ಇದೆ, ಬಿಚ್ಚಿ ನೋಡಿ. ಮೇಲೆ ದೇವರ ಚಿತ್ರ, ಕೆಳಗೆ ದೊಡ್ಡ ಅಕ್ಷರದಲ್ಲಿ ‘ಜಂಗೀ ನಿಕಾಲಿ ಕುಸ್ತಿಗಳು’. ಒಂದನೇ ನಂಬರಿನ ಇಬ್ಬರು ಪೈಲವಾನರ ಫೋಟೋ ಅಂಗೈಯಗಲ. ಹೆಗಲ ಮೇಲೆ ಗದೆ, ತಲೆಗೆ ಪಟಕಾ, ಹೆಸರಿನ ಮುಂದೆ ಕೇಸರಿ ಬಿರುದು, ಹೆಸರಿನ ಕೆಳಗೆ ದೂರದ ತಾಲೀಮಿನ ವಿಳಾಸ. ಎರಡನೇ ನಂಬರಿನವರ ಫೋಟೋ ಅಂಚೆ ಚೀಟಿಯಷ್ಟು. ಬಿರುದಿಲ್ಲ. ಊರಿನ ಹೆಸರಷ್ಟೇ: ಒಬ್ಬ ಇಂಡಿ ಕಡೆಯವ, ಇನ್ನೊಬ್ಬ ಸಿಂದಗಿ ಕಡೆಯವ.

ಆದರೂ ಗೆದ್ದವನ ಕೈಗೆ ತೊಡಿಸುವ ಬೆಳ್ಳಿ ಖಡೆ ಇಟ್ಟಿರುವುದು ಆ ಎರಡನೇ ಜೋಡಿಗೆ. ಎಲ್ಲ ಊರಲ್ಲೂ ಹೀಗಿಲ್ಲ. ಬಹಳ ಕಡೆ ಖಡೆ ಕೊನೆಯ ಕುಸ್ತಿಯದು, ಗೆದ್ದವನೇ ಆ ವರ್ಷದ ಜಾತ್ರೆಯ ಗಂಡು. ಹೊರಗಿನಿಂದ ದೊಡ್ಡ ಪೈಲವಾನರನ್ನು ಕರೆಸುವಷ್ಟು ರೊಕ್ಕ ಕೂಡಿದಲ್ಲಿ ಕೊನೆಯ ಕುಸ್ತಿ ಅವರ ಪಾಲಾಗುತ್ತದೆ, ಊರಿನ ಪಟ್ಟ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಅದು ಅವಮಾನವೆಂದು ಇಲ್ಲಿ ಯಾರೂ ಎಣಿಸಿಲ್ಲ. ಒಂದನೇ ನಂಬರಿನವರು ನಾಳೆ ಬೆಳಗಾಗುವುದರೊಳಗೆ ಇನ್ನೊಂದು ಜಿಲ್ಲೆಯಲ್ಲಿರುತ್ತಾರೆ. ಎರಡನೆಯವರು ನಾಡಿದ್ದು ಸಿಂದಗಿ ಸಂತೆಯಲ್ಲಿ ನಿಮಗೆ ಎದುರಾಗುತ್ತಾರೆ.

ಪಂಚರು ಖಡೆಯನ್ನು ತಾಟಿನಲ್ಲಿಟ್ಟು ಕಣದ ಸುತ್ತ ತಿರುಗಿಸುತ್ತಾರೆ. ನಿಮ್ಮ ಮುಂದೆ ಬಂದಾಗ ಬೇಕಾದರೆ ಮುಟ್ಟಿ ನೋಡಬಹುದು. ದಪ್ಪ ಬೆಳ್ಳಿ, ಎರಡು ತುದಿಗೆ ಗುಂಡು ಮೊಗ್ಗು. ಅಕ್ಕಸಾಲಿಗ ತೂಕ ಹೇಳಿದ್ದಾನೆ, ಮೈಕಿನವ ಅದನ್ನೇ ಮೂರು ಸಲ ಕೂಗುತ್ತಾನೆ: “ಐದು ತೊಲಿ! ಐದು ತೊಲಿ ಬೆಳ್ಳಿ ಖಡೆ!”

ನಿಮ್ಮ ಬಲಕ್ಕೆ ಕೂತ ಅಜ್ಜನ ಕಿವಿ ನೋಡಿ. ಮೇಲಂಚು ಮುದುಡಿ ಗಟ್ಟಿಯಾಗಿದೆ. ಅದು ತಾಲೀಮಿನ ಗುರುತು. ತಲೆಗೆ ತಲೆ ತಿಕ್ಕಿ, ಕಿವಿಯೊಳಗೆ ರಕ್ತ ಕಟ್ಟಿ, ಹಾಗೇ ಗಡುಸಾಗಿ ಉಳಿದದ್ದು. ಅಂಥ ಕಿವಿಯವರ ಪಕ್ಕ ಕೂತರೆ ಕುಸ್ತಿ ಎರಡು ಪಟ್ಟು ಕಾಣುತ್ತದೆ.

“ಎಲ್ಲಾರೂ ಒಂದನೇ ನಂಬರ ಅಂತ ಬಡಕೋತಾರ,” ಅಜ್ಜ ಕಣದಿಂದ ಕಣ್ಣು ತೆಗೆಯದೆ ಹೇಳುತ್ತಾನೆ. “ನಮ್ಮ ಯಕ್ಸಂಬ್ಯಾಂವ ಹಿಂದ್ ಕೇಸರಿ ಆಗಾಕ ಮೊದಲ ಎಷ್ಟ ಜಾತ್ರ್ಯಾಗ ಎರಡನೇದು ಮೂರನೇದು ಹಿಡದಿರಬೇಕ, ಯಾರರೆ ಲೆಕ್ಕಾ ಇಟ್ಟಾರೇನ?”

ಯಕ್ಸಂಬಾದ ಶ್ರೀಪತಿ ಖಂಚನಾಳೆ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ಕಡೆಯ ಊರಿನ ಹುಡುಗ, ಕೊಲ್ಹಾಪುರದ ಶಾಹುಪುರಿ ತಾಲೀಮಿನಲ್ಲಿ ಪೈಲವಾನನಾದ. ಹಿಂದ್ ಕೇಸರಿ ಪಟ್ಟ ಶುರುವಾದದ್ದು 1958ರಲ್ಲಿ. ಮರುವರ್ಷ ದಿಲ್ಲಿಯಲ್ಲಿ ಪಂಜಾಬಿನ ಬಂತಾ ಸಿಂಗನನ್ನು ಬೀಳಿಸಿ ಆ ಗದೆಯನ್ನು ಖಂಚನಾಳೆ ಹೊತ್ತು ತಂದರು. ಅದೇ 1959ರಲ್ಲಿ ಮಹಾರಾಷ್ಟ್ರ ಕೇಸರಿಯೂ ಅವರದಾಯಿತು. 2020ರ ಡಿಸೆಂಬರಿನಲ್ಲಿ ಕೊಲ್ಹಾಪುರದಲ್ಲಿ ತೀರಿಕೊಂಡಾಗ ಗಡಿಯ ಈಚೆಗೂ ಆಚೆಗೂ ತಾಲೀಮುಗಳು ಅವರನ್ನು ತಮ್ಮವರೆಂದೇ ನೆನೆದವು.

ಕೊಲ್ಹಾಪುರ ಎಂದೊಡನೆ ಈ ಕಣದಲ್ಲಿ ಯಾರೂ ಅದು ಬೇರೆ ರಾಜ್ಯವೆಂದು ಎಣಿಸುವುದಿಲ್ಲ. 1956ರವರೆಗೆ ನಮ್ಮ ಬಿಜಾಪುರ ಜಿಲ್ಲೆ ಮುಂಬಯಿ ರಾಜ್ಯದಲ್ಲೇ ಇತ್ತು. ಕೊಲ್ಹಾಪುರದಲ್ಲಿ ಶಾಹು ಮಹಾರಾಜರು ಕಟ್ಟಿಸಿದ ಖಾಸಬಾಗ ಕುಸ್ತಿ ಮೈದಾನ 1912ರಲ್ಲಿ ಮುಗಿಯಿತು. ಕಣ ನಡುವೆ, ಸುತ್ತಲೂ ಇಳಿಜಾರಿನ ಆಸನ, ಎಲ್ಲಿ ಕೂತರೂ ಒಬ್ಬರ ತಲೆ ಇನ್ನೊಬ್ಬರಿಗೆ ಅಡ್ಡ ಬರದಂತೆ. ಗಂಗಾವೇಶ, ಮೋತಿಬಾಗ, ಶಾಹುಪುರಿ ಎಂಬ ತಾಲೀಮುಗಳ ಹೆಸರು ಇಲ್ಲಿಯ ಹುಡುಗರಿಗೆ ಬಾಯಿಪಾಠ. ಗುರುವಿಗೆ ವಸ್ತಾದ, ಊಟಕ್ಕೆ ಖುರಾಕು, ಪಟ್ಟುಗಳಿಗೆ ಢಾಕ, ಘಿಸ್ಸಾ, ಕಲಾಜಂಗ, ಎಲ್ಲ ಆ ದಾರಿಯಲ್ಲಿ ಬಂದು ನಮ್ಮ ಮಾತಿನಲ್ಲಿ ಕೂತಿವೆ.

ಹಲಗಿ ಬದಲಾಯಿತು, ಕೇಳಿದಿರಾ? ಇಷ್ಟು ಹೊತ್ತು ನಿಧಾನದ ನಡೆಯಲ್ಲಿತ್ತು, ಈಗ ದಡದಡ. ಇಬ್ಬರೂ ಕಣಕ್ಕೆ ಇಳಿದರು.

ಇಂಡಿಯವ ಕೆಂಪು ಲಂಗೋಟಿ, ಎತ್ತರದ ಆಳು, ಭುಜ ಅಗಲ. ಸಿಂದಗಿಯವ ಕುಳ್ಳ, ಕರಿ ಲಂಗೋಟಿ, ತೊಡೆ ಮಾತ್ರ ಕಂಬ. ಇಬ್ಬರೂ ಬಾಗಿ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳುತ್ತಾರೆ. ಬೆವರಿಗೆ ಕೈ ಜಾರದಿರಲೆಂದು ಒಬ್ಬರ ಮೈಗೆ ಒಬ್ಬರು ಮಣ್ಣು ಎರಚುತ್ತಾರೆ. ನಾಲ್ಕು ನಿಮಿಷದ ಹಿಂದೆ ಹೆಗಲ ಮೇಲೆ ಟಾವೆಲ್ ಹಾಕಿಕೊಂಡು ನಾಚಿಕೊಳ್ಳುತ್ತಿದ್ದ ಹುಡುಗರು ಇವರೇ ಎಂದು ನಂಬುವುದು ಕಷ್ಟ. ಪಂಚರು ಇಬ್ಬರ ಕೈ ಕೂಡಿಸುತ್ತಾರೆ. ಸಲಾಮಿ.

ಮೊದಲ ಹತ್ತು ಉಸಿರು ಬರೀ ಕುತ್ತಿಗೆಯದು. ಹಣೆಗೆ ಹಣೆ, ಒಬ್ಬರ ಕೈ ಇನ್ನೊಬ್ಬರ ಹೆಗ್ಗತ್ತಿನ ಮೇಲೆ. ದೂರದಿಂದ ಏನೂ ನಡೆದಿಲ್ಲವೆಂದೇ ಕಾಣುತ್ತದೆ. ನೀವು ಹತ್ತಿರ ಕೂತಿದ್ದೀರಿ, ಕಾಲ್ಬೆರಳು ನೋಡಿ. ಎತ್ತರದವ ಒತ್ತಿದಾಗ ಕುಳ್ಳನ ಹತ್ತೂ ಬೆರಳು ಮಣ್ಣಿನೊಳಗೆ ಇಳಿಯುತ್ತವೆ. ಒತ್ತು ಬಿಟ್ಟಾಗ ಮೇಲೇಳುತ್ತವೆ. ಯಾವ ಕ್ಷಣಕ್ಕೆ ಒತ್ತು ಹಗುರಾಗುತ್ತದೆಂದು ಅವನು ಆ ಬೆರಳಿನಿಂದ ಅಳೆಯುತ್ತಿದ್ದಾನೆ.

ಎತ್ತರದವ ಹೊಕ್ಕ! ತಲೆ ತಗ್ಗಿಸಿ ಬಲಗಾಲಿಗೆ ಕೈ ಹಾಕಿ ಎತ್ತಿದ. ಕುಳ್ಳ ಒಂಟಿ ಕಾಲಲ್ಲಿ ಕುಪ್ಪಳಿಸುತ್ತ ಹಿಂದೆ ಹಿಂದೆ ಬಂದು ನಿಮ್ಮ ಮೇಲೇ ಬೀಳುವಷ್ಟು ಹತ್ತಿರ, ಸರಿಯಿರಿ, ಪಂಚರು ಇಬ್ಬರನ್ನೂ ಹಿಡಿದು ಕಣದ ನಡುವೆ ತಂದರು. ಮತ್ತೆ ಹೊಕ್ಕ. ಈ ಸಲ ಕುಳ್ಳ ಬೋರಲು ಬಿದ್ದು ನೆಲ ಕಚ್ಚಿದ. ಬೋರಲು ಬಿದ್ದರೆ ಸೋಲಲ್ಲ. ಬೆನ್ನು ಮಣ್ಣಿಗೆ ತಾಗಿ ಚಿತ್ತಾಗಬೇಕು. ಗಡಿಯಾರವಿಲ್ಲ, ಪಾಯಿಂಟಿಲ್ಲ. ಮ್ಯಾಟಿನ ಮೇಲಿನ ಕುಸ್ತಿ ಮೂರು ನಿಮಿಷದ ಎರಡು ಸುತ್ತಿನಲ್ಲಿ ಮುಗಿಯುತ್ತದೆ. ನಿಕಾಲಿ ಕುಸ್ತಿ ತೀರ್ಮಾನವಾಗುವವರೆಗೆ ನಡೆಯುತ್ತದೆ.

ಹೀಗೆ ಒಬ್ಬ ನೆಲ ಕಚ್ಚಿ ಮಲಗಿ, ಇನ್ನೊಬ್ಬ ಮೇಲೆ ಸವಾರಿ ಮಾಡಿ ಹೊರಳಿಸಲು ಹೆಣಗುವಾಗ ಕಣದ ಸುತ್ತ ಮಾತು ಹುಟ್ಟುತ್ತದೆ. ನಿಮ್ಮ ಎಡಕ್ಕೆ ಕೂತ ಮೂವತ್ತೈದರ ಗಂಡಸು, ಮೊಬೈಲಿನಲ್ಲಿ ವಿಡಿಯೋ ಹಿಡಿಯುತ್ತಿದ್ದವ, ಅಜ್ಜನ ಕಡೆ ಬಾಗಿ ಹೇಳುತ್ತಾನೆ: “ಕಾಕಾ, ಟಿವಿ ಕುಸ್ತ್ಯಾಗೂ ಎರಡನೇ ನಂಬರ ಬೆಲ್ಟ ಇರತದರಿ. ಸಣ್ಣಾಂವ ಇದ್ದಾಗ ನಾವ ಕಾರ್ಡ ಆಡತಿದ್ವಿ.”

ಆ ಟ್ರಂಪ್ ಕಾರ್ಡುಗಳನ್ನು ನೀವೂ ಆಡಿರಬಹುದು. ಎತ್ತರ, ತೂಕ, ಎದೆ, ತೋಳು, ರ್‍ಯಾಂಕ್. ಕೇಬಲ್ ಬಂದ ಮೇಲೆ ಅಮೆರಿಕದ ಡಬ್ಲ್ಯೂಡಬ್ಲ್ಯೂಎಫ್ ಕಂಪನಿಯ ಟಿವಿ ಕುಸ್ತಿ ನಮ್ಮ ಓಣಿಗಳಿಗೂ ಬಂತು. ಅಲ್ಲಿಯ ಎರಡನೇ ಪಟ್ಟದ ಹೆಸರು ಇಂಟರ್‌ಕಾಂಟಿನೆಂಟಲ್ ಚಾಂಪಿಯನ್. ಅದರ ಹುಟ್ಟೇ ಒಂದು ಕಟ್ಟುಕತೆ: 1979ರಲ್ಲಿ ಪ್ಯಾಟ್ ಪ್ಯಾಟರ್ಸನ್ ಎಂಬವರು ಬ್ರೆಜಿಲ್‌ನ ರಿಯೋ ನಗರದ ಪಂದ್ಯಾವಳಿಯಲ್ಲಿ ಅದನ್ನು ಗೆದ್ದರೆಂದು ಕಂಪನಿ ಸಾರಿತು. ಅಂಥ ಪಂದ್ಯಾವಳಿ ನಡೆದೇ ಇರಲಿಲ್ಲ. ಗೆಲುವು ಸೋಲು ಮೊದಲೇ ಗೊತ್ತಾಗಿರುವ ಆಟ ಅದು. ನಮ್ಮ ಕಣದಲ್ಲಿ ಇಬ್ಬರು ಒಳಗೊಳಗೇ ಮಾತಾಡಿಕೊಂಡು ಹಿಡಿದಾರೆಂದು ಅನುಮಾನ ಬಂದರೆ ಜನ ಎದ್ದು ಕೂಗುತ್ತಾರೆ, ಪಂಚರು ಜೋಡಿ ಬಿಡಿಸಿ ಕಳಿಸುತ್ತಾರೆ. ಈ ಅಂತರ ಸಣ್ಣದಲ್ಲ. ಆದರೂ ಆ ಬೆಲ್ಟಿನ ಚರಿತ್ರೆಯನ್ನು ನಾನು ಪ್ರೀತಿಯಿಂದ ಓದುತ್ತೇನೆ, ಏಕೆಂದರೆ ಕಟ್ಟುಕತೆಯಲ್ಲಿ ಹುಟ್ಟಿದ ಪಟ್ಟಕ್ಕೆ ನಿಜವಾದ ಮಾನ ತಂದುಕೊಟ್ಟವರು ಅದನ್ನು ಉಟ್ಟ ಆಳುಗಳು.

ಕುಳ್ಳ ಇನ್ನೂ ಮಲಗಿಯೇ ಇದ್ದಾನೆ, ಹೊತ್ತಿದೆ. ಬನ್ನಿ, ಅಮೆರಿಕದ ಪಾಂಟಿಯಾಕ್‌ಗೆ ಹೋಗಿ ಬರೋಣ. 1987ರ ಮಾರ್ಚ್ 29. ಮೇಲೆ ಚಾವಣಿ ಇರುವ ಮೈದಾನ, ಕಂಪನಿಯ ಲೆಕ್ಕದಲ್ಲಿ 93,173 ಜನ. ಎಲ್ಲರೂ ಬಂದಿರುವುದು ಒಂದನೇ ನಂಬರಿಗೆ: ಹಲ್ಕ್ ಹೋಗನ್, ದೈತ್ಯ ಆ್ಯಂಡ್ರೆ. ಅದಕ್ಕೂ ಮೊದಲು ರ್‍ಯಾಂಡಿ ಸ್ಯಾವೇಜ್ ತನ್ನ ಇಂಟರ್‌ಕಾಂಟಿನೆಂಟಲ್ ಬೆಲ್ಟ್ ಪಣಕ್ಕಿಟ್ಟು ರಿಕಿ ಸ್ಟೀಮ್‌ಬೋಟ್ ಎದುರು ನಿಲ್ಲುತ್ತಾನೆ. ಸ್ಯಾವೇಜ್ ಪ್ರತಿ ಪಟ್ಟನ್ನೂ ಕಾಗದದ ಮೇಲೆ ಬರೆದಿಟ್ಟಿದ್ದ, ಇಬ್ಬರೂ ಅದನ್ನು ಬಾಯಿಪಾಠ ಮಾಡಿ ಬಂದಿದ್ದರು. ಹದಿನಾಲ್ಕೂವರೆ ನಿಮಿಷದಲ್ಲಿ ಒಂದು ಕ್ಷಣವೂ ಕೈ ಖಾಲಿ ಇಲ್ಲ. ಒಬ್ಬ ಬೀಳಿಸುತ್ತಾನೆ, ಎರಡು ಎಣಿಸುವಷ್ಟರಲ್ಲಿ ಇನ್ನೊಬ್ಬ ಭುಜ ಎತ್ತುತ್ತಾನೆ, ಮತ್ತೆ, ಮತ್ತೆ. ಕೊನೆಗೆ ಸ್ಟೀಮ್‌ಬೋಟ್ ಅವನನ್ನು ಮಡಚಿ ಹಿಡಿದು ಬೆನ್ನು ನೆಲಕ್ಕೆ ತಾಗಿಸುತ್ತಾನೆ. ಆಮೇಲೆ ಹೋಗನ್ ಆ್ಯಂಡ್ರೆಯನ್ನು ಎತ್ತಿ ಒಗೆದ, ಆ ಚಿತ್ರ ಪೋಸ್ಟರುಗಳಿಗೆ ಹೋಯಿತು. ಆದರೆ ಆ ದಿನದ ಕುಸ್ತಿ ಯಾವುದೆಂದು ಬಲ್ಲವರನ್ನು ಕೇಳಿದರೆ ಸ್ಯಾವೇಜ್–ಸ್ಟೀಮ್‌ಬೋಟ್ ಎಂದೇ ಹೇಳುತ್ತಾರೆ.

ಅಲ್ಲಿಂದ ಲಂಡನ್. 1992ರ ಆಗಸ್ಟ್ 29, ವೆಂಬ್ಲಿ ಮೈದಾನ, ಕಂಪನಿಯ ಲೆಕ್ಕ 80,355. ಬೆಲ್ಟ್ ಕೆನಡಾದ ಬ್ರೆಟ್ ಹಾರ್ಟ್ ಸೊಂಟದಲ್ಲಿದೆ. ಎದುರಾಳಿ ಇಂಗ್ಲೆಂಡಿನ ಮಗ ಡೇವಿ ಬಾಯ್ ಸ್ಮಿತ್, ಬ್ರೆಟ್‌ನ ತಂಗಿ ಡಯಾನಾಳ ಗಂಡ. ಆ ರಾತ್ರಿ ಮೊದಲ ದರ್ಜೆಯ ಪಟ್ಟದ ಪಂದ್ಯವೂ ಇತ್ತು, ಅದನ್ನು ಮೊದಲೇ ಮುಗಿಸಿದರು. ಎರಡನೇ ನಂಬರಿನದು ಕೊನೆಗೆ ಬಂತು, ಏಕೆಂದರೆ ಊರಿನ ಹುಡುಗ ಇದ್ದದ್ದು ಅದರಲ್ಲಿ. ಇಪ್ಪತ್ತೈದು ನಿಮಿಷ. ಬ್ರೆಟ್ ಸ್ಮಿತ್‌ನ ಮೇಲಿಂದ ಹಾರಿ ಮಡಚಲು ಹೋದಾಗ ಸ್ಮಿತ್ ಕುಸಿದು ಕೂತು, ಅವನ ಕಾಲುಗಳನ್ನು ತೋಳಲ್ಲಿ ಸಿಕ್ಕಿಸಿ ಒತ್ತಿ ಹಿಡಿದ. ಮೂರು ಎಣಿಕೆ. ಬರೆದಿಟ್ಟ ಗೆಲುವು ಅದು, ಗೊತ್ತು. ಆದರೆ ಎಂಬತ್ತು ಸಾವಿರ ಜನ ಎದ್ದು ನಿಂತದ್ದನ್ನು ಯಾರೂ ಬರೆದುಕೊಟ್ಟಿರಲಿಲ್ಲ. ಡಯಾನಾ ಕಣಕ್ಕೆ ಬಂದಳು, ಭಾವ ಮೈದುನರು ತಬ್ಬಿಕೊಂಡರು. ಈ ಅಜ್ಜ ಅಲ್ಲಿದ್ದಿದ್ದರೆ ಅವನಿಗೆ ಯಾರೂ ಏನನ್ನೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆ ಬೆಲ್ಟಿಗೆ ಆಮೇಲೆ ಕೆಟ್ಟ ಕಾಲವೂ ಬಂತು. ವಾರಕ್ಕೊಬ್ಬರ ಸೊಂಟ ಸುತ್ತಿ, ಐದು ನಿಮಿಷದ ಪಂದ್ಯಗಳಿಗೆ ಇಳಿದಾಗ ಜನಕ್ಕೆ ಅದು ಯಾರ ಹತ್ತಿರ ಇದೆ ಎಂಬುದೂ ಮರೆತುಹೋಗುತ್ತಿತ್ತು. 2022ರ ಜೂನಿನಿಂದ 2024ರ ಏಪ್ರಿಲ್‌ವರೆಗೆ ಆಸ್ಟ್ರಿಯಾದ ಗುಂಥರ್ 666 ದಿನ ಅದನ್ನು ಬಿಟ್ಟುಕೊಡದೆ, ಪ್ರತಿ ಪಂದ್ಯವನ್ನೂ ಸಾವಕಾಶವಾಗಿ ಆಡಿದಾಗ ಮತ್ತೆ ಬೆಲೆ ಬಂತು. ಎರಡನೇ ಪಟ್ಟ ಬದುಕುವುದು ಅದಕ್ಕೆ ಕೊಟ್ಟ ಹೊತ್ತಿನಿಂದ. ನಮ್ಮಲ್ಲಿಯೂ ಅದೇ ಆಗಬೇಕು. ಮೈಸೂರು ದಸರೆಯಲ್ಲಿ ದೇವರಾಜ ಅರಸು ಕ್ರೀಡಾಂಗಣದ ಕಣದಲ್ಲಿ ದಸರಾ ಕೇಸರಿಯ ಜೊತೆಗೆ ದಸರಾ ಕುಮಾರ, ಹೆಣ್ಣುಮಕ್ಕಳಿಗೆ ದಸರಾ ಕಿಶೋರಿ ಪಟ್ಟಗಳಿವೆ. ಕೇಸರಿಯ ಹೆಸರು ಹಾರ ತುರಾಯಿಯೊಂದಿಗೆ ಊರೂರು ತಿರುಗುತ್ತದೆ. ಕುಮಾರ ಗೆದ್ದವನ ಹೆಸರು ಅವನ ತಾಲೂಕು ದಾಟುವುದು ಕಷ್ಟ. ಹಾಲು, ಬಾದಾಮಿ, ತುಪ್ಪದ ಖುರಾಕಿನ ಖರ್ಚು ಮಾತ್ರ ಇಬ್ಬರಿಗೂ ಒಂದೇ. ಒಕ್ಕಲುತನದ ಮನೆಯೊಂದು ಮಗನೊಬ್ಬನನ್ನು ತಾಲೀಮಿಗೆ ಬಿಡುವುದೆಂದರೆ ಎಮ್ಮೆಯ ಹಾಲೆಲ್ಲ ಅವನಿಗೆ ಬಿಟ್ಟ ಹಾಗೆ, ಹೊಲದ ಕೆಲಸಕ್ಕೆ ಎರಡು ಕೈ ಕಡಿಮೆಯಾದ ಹಾಗೆ. ಆ ಮನೆಗೆ ಆಸರೆಯಾಗುವುದು ವರ್ಷಕ್ಕೆ ನಾಲ್ಕಾರು ಜಾತ್ರೆಗಳ ಎರಡನೇ ಮೂರನೇ ನಂಬರಿನ ರೊಕ್ಕ, ಸಿಕ್ಕರೆ ಒಂದು ಖಡೆ.

“ಏಳತಾನ ನೋಡ್ರಿ!” ಅಜ್ಜ ನಿಮ್ಮ ತೊಡೆ ಹಿಡಿದು ಹಿಸುಕಿದ.

ಕುಳ್ಳ ಒಂದು ಮೊಣಕಾಲು ಮಡಚಿದ. ಬೆನ್ನ ಮೇಲೆ ಎತ್ತರದವನ ಪೂರ್ತಿ ಭಾರ. ಇನ್ನೊಂದು ಮೊಣಕಾಲು. ಅವನ ತೊಡೆಯ ನರಗಳ ಮೇಲೆ ಕೆಂಪು ಮಣ್ಣು ಬೆವರಿಗೆ ಕಲಸಿ ಗೆರೆಗೆರೆಯಾಗಿ ಇಳಿಯುತ್ತಿದೆ. ಎತ್ತರದವ ಲಂಗೋಟಿಯ ಹುರಿಗೆ ಕೈ ಹಾಕಿ ಎಳೆದ, ಘಿಸ್ಸಾ ಹಚ್ಚಿ ತಿರುವಲು ನೋಡಿದ, ಕುಳ್ಳನ ಭುಜ ಒಂದು ಗೇಣು ನೆಲ ಬಿಟ್ಟು ಹೊರಳಿತು, ಇಂಡಿ ಕಡೆಯವರು ಹೋ ಎಂದು ಎದ್ದರು. ಇಲ್ಲ, ಆಗಲಿಲ್ಲ. ಕುಳ್ಳ ಮೊಣಕೈ ಊರಿ ತಡೆದ.

“ಬಿಡಬ್ಯಾಡೋ ತಮ್ಮಾ! ಕುತ್ತಿಗಿ ಬಿಡಬ್ಯಾಡ!”

“ನಿಂದರು, ಅವಸರ ಮಾಡಬ್ಯಾಡ, ನಿಂದರು!” ಇದು ಸಿಂದಗಿ ಹುಡುಗನ ವಸ್ತಾದರು. ಕಣದ ಅಂಚಿನಲ್ಲಿ ಕೂತು ಎರಡೂ ಅಂಗೈ ನೆಲಕ್ಕೆ ಒತ್ತಿಕೊಂಡಿದ್ದಾರೆ.

ಎದ್ದ. ಬೆನ್ನಿಗಿದ್ದವನನ್ನು ಹೊತ್ತುಕೊಂಡೇ ಎದ್ದ. ಎತ್ತರದವ ಕೆಳಗೆ ಜಾರಿ ಎದುರು ಬಂದು ಮತ್ತೆ ಕುತ್ತಿಗೆಗೆ ಕೈ ಹಾಕಿದ. ಒತ್ತಿದ. ಕಾಲ್ಬೆರಳು ನೋಡಿ ಎಂದಿದ್ದೆನಲ್ಲ, ಈಗ ನೋಡಿ: ಇಳಿದವು, ಇಳಿದವು, ಒತ್ತು ಹಗುರಾಯಿತು. ಅದೇ ಹೊತ್ತಿಗೆ ಕುಳ್ಳ ಒಳಗೆ ತಿರುಗಿದ. ಬಲಗೈ ಎದುರಾಳಿಯ ಕುತ್ತಿಗೆಗೆ ಸುತ್ತಿತು, ಎಡಗೈ ಅವನ ತೋಳು ಕಚ್ಚಿ ಹಿಡಿಯಿತು, ಸೊಂಟ ಅಡಿಯಲ್ಲಿ ಹೋಯಿತು. ಢಾಕ! ಕೆಂಪು ಲಂಗೋಟಿಯ ಎರಡೂ ಪಾದ ಆಕಾಶಕ್ಕೆ ಎದ್ದು ನಿಮ್ಮ ಕಣ್ಣೆದುರೇ ತಿರುಗಿ ಬಿದ್ದವು. ಮಣ್ಣು ನಿಮ್ಮ ತುಟಿಗೂ ಹಾರಿದೆ. ಎರಡು ಭುಜ, ಪೂರ್ತಿ ಬೆನ್ನು. ಪಂಚರು ನೆಲಕ್ಕೆ ಬಾಗಿ ನೋಡಿ ಕೈ ಎತ್ತಿದರು.

ಚಿತ್!

ಹಲಗಿಯವರು ಕಣದೊಳಗೇ ನುಗ್ಗಿದರು. ಹುಡುಗನನ್ನು ಯಾರೋ ಹೆಗಲ ಮೇಲೆ ಎತ್ತಿದರು, ಹತ್ತರ ಐವತ್ತರ ನೋಟುಗಳು ಅವನ ಲಂಗೋಟಿಗೆ, ಕೈಗೆ, ಬಾಯಿಗೆ. ಅವನು ಕೆಳಗಿಳಿಸಲು ಕೇಳಿಕೊಂಡು, ಮೊದಲು ಹೋಗಿ ಬಿದ್ದವನ ಕೈ ಹಿಡಿದು ಎಬ್ಬಿಸಿದ, ಅವನ ಬೆನ್ನ ಮಣ್ಣು ಒರೆಸಿದ, ಆಮೇಲೆ ತನ್ನ ವಸ್ತಾದರ ಕಾಲು ಮುಟ್ಟಿದ. ಹಿರಿಯರು ಖಡೆ ಹಾಕಲು ಬಂದರೆ ಅದು ಅವನ ಮಣಿಕಟ್ಟಿಗೆ ಹಿಡಿಸಲಿಲ್ಲ, ಬೆಳ್ಳಿಯನ್ನು ಕೈಯಿಂದಲೇ ಅಗಲಿಸಿ ತೊಡಿಸಿದರು. ಎಡಕ್ಕೆ ಕೂತವನ ಮೊಬೈಲು ಜನರ ಬೆನ್ನುಗಳನ್ನಷ್ಟೇ ಹಿಡಿದಿದೆ. ಅವನು ಅದನ್ನು ಕಿಸೆಗೆ ಹಾಕಿ ಎರಡೂ ಕೈಯಿಂದ ಚಪ್ಪಾಳೆ ಹೊಡೆಯುತ್ತಿದ್ದಾನೆ.

ಮೈಕಿನವ ಒಂದನೇ ನಂಬರಿನ ಬಿರುದಾವಳಿ ಶುರು ಮಾಡಿದ. ಆದರೆ ಕಣದ ಅಂಚಿನಲ್ಲಿ, ನಿಮ್ಮ ಪಕ್ಕದಲ್ಲೇ, ಇಂಡಿ ಹುಡುಗನ ಕಾಕಾ ಪಂಚರನ್ನು ತಡೆದು ನಿಲ್ಲಿಸಿದ್ದಾರೆ.

“ಇದ ಜೋಡಿ ನಮ್ಮೂರ ಜಾತ್ರ್ಯಾಗ ಮತ್ತ ಹಚ್ಚತೀವ್ರಿ. ಹುಡುಗ ಬರತಾನೋ ಇಲ್ಲೋ ವಸ್ತಾದರನ್ನ ಕೇಳಿ ಹೇಳ್ರಿ.”

ವಸ್ತಾದರು ಅಲ್ಲಿಯೇ ಇದ್ದಾರೆ, ಹುಡುಗನಿಗೆ ಟಾವೆಲ್ ಹೊದಿಸುತ್ತಿದ್ದಾರೆ. “ಬರತಾನ್ರಿ. ಎಷ್ಟನೇ ನಂಬರ?”

“ಎರಡನೇದು.”

“ಖಡೆ ಎಷ್ಟ ತೊಲಿದು?”

“ಏಳು.”

“ಹತ್ತು ಮಾಡ್ರಿ. ನಿಮ್ಮ ಹುಡುಗನ್ನೂ ಅಲ್ಲೀ ತನಕಾ ಛಲೋ ತಯಾರ ಮಾಡ್ರಿ.”